ಕೊಳಗ, ಡಬ್ಬ, ಬ್ಯಾರಲ್: ನಿಟ್ಟೂರು ಸೀಮೆಯಲ್ಲಿ ಅಡಿಕೆ ಕೂಲಿ ನಡೆದು ಬಂದ ದಾರಿ

ಚಾಲಿ ಅಡಿಕೆ ಕಾಯುತ್ತದೆ, ಕೆಂಪಡಿಕೆ ಕಾಯುವುದಿಲ್ಲ. ಘಟ್ಟದ ಕೆಳಗೆ ಹಣ್ಣಾದ ಅಡಿಕೆಯನ್ನು ಅಂಗಳದಲ್ಲಿ ಹರವಿ, ನಲವತ್ತು ನಲವತ್ತೈದು ದಿನ ಬಿಸಿಲು ಕಾಣಿಸಿ, ಚೀಲಕ್ಕೆ ತುಂಬಿಟ್ಟು ಪುರುಸೊತ್ತಾದಾಗ ಸುಲಿದರೆ ಆಯಿತು. ಘಟ್ಟದ ಮೇಲಿನ ಕ್ರಮ ಬೇರೆ. ನಿಟ್ಟೂರು, ಸಂಪೇಕಟ್ಟೆ, ನಗರ, ಹೊಸನಗರದ ತೋಟಗಳಲ್ಲಿ ಕಾಯಿ ಹಸಿರಾಗಿರುವಾಗಲೇ ಕೊನೆ (ಗೊಂಚಲು) ಇಳಿಯಬೇಕು. ಇಳಿದ ಕಾಯಿ ಒಂದೆರಡು ದಿನದೊಳಗೆ ಸಿಪ್ಪೆ ಬಿಡಿಸಿಕೊಂಡು, ಹಂಡೆಯಲ್ಲಿ ಚೊಗರಿನೊಂದಿಗೆ ಬೆಂದು, ತಟ್ಟಿಯ ಮೇಲೆ ಬಿಸಿಲಿಗೆ ಏರಬೇಕು. ತಡವಾದರೆ ಬಣ್ಣ ಕೆಡುತ್ತದೆ. ಬಣ್ಣ ಕೆಟ್ಟರೆ ಮಂಡಿಯಲ್ಲಿ ದರ ಬೀಳುತ್ತದೆ. ಈ ಅವಸರವೇ ನೂರಾರು ವರ್ಷ ಇಲ್ಲಿನ ಕೂಲಿಯನ್ನು ಆಳಿದೆ. ಯಾವ ಕೆಲಸ ಯಾರಿಗೆ, ಎಷ್ಟು ಹೊತ್ತಿಗೆ, ಯಾವ ಅಳತೆಗೆ ಎಂಬುದೆಲ್ಲ ನಿಂತಿದ್ದು ಹಸಿಕಾಯಿಯ ಆ ಎರಡು ದಿನಗಳ ಮೇಲೆ.

ಕೊಲ್ಲೂರಿನಿಂದ ನಾಗೋಡಿ ಘಾಟಿ ಹತ್ತಿ ಬಂದರೆ ನಿಟ್ಟೂರು. ಪಕ್ಕದಲ್ಲಿ 1343 ಮೀಟರ್ ಎತ್ತರದ ಕೊಡಚಾದ್ರಿ. ಇನ್ನೊಂದು ದಿಕ್ಕಿಗೆ ಕೆಳದಿ ಅರಸರ ರಾಜಧಾನಿಯಾಗಿದ್ದು, 1763ರಲ್ಲಿ ಹೈದರಾಲಿಯ ಕೈಸೇರಿದ ಬಿದನೂರು, ಅಂದರೆ ಇಂದಿನ ನಗರ. ಇದು ನಾಡಿನಲ್ಲೇ ಹೆಚ್ಚು ಮಳೆ ಬೀಳುವ ಪಟ್ಟಿ. ಇದೇ ತಾಲ್ಲೂಕಿನ ಹುಲಿಕಲ್ಲಿನ ಹೆಸರು ಪ್ರತಿ ಮಳೆಗಾಲದಲ್ಲೂ ಪತ್ರಿಕೆಗಳಲ್ಲಿ ಕಾಣಿಸುತ್ತದೆ. ಕಣಿವೆಯ ಇಳಿಜಾರುಗಳಲ್ಲಿ ತೋಟ, ತೋಟದ ನೆತ್ತಿಗೆ ಸೊಪ್ಪಿನಬೆಟ್ಟ, ಕೆಳಗೆ ಗದ್ದೆ. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನ ‘ಶಿಸ್ತು’ ಅಡಿಕೆ ತೋಟದ ಕಂದಾಯವನ್ನು ಸಾವಿರ ಮರದ ಲೆಕ್ಕದಲ್ಲಿ ಕಟ್ಟಿತ್ತು. ಮರ ಎಣಿಸಿ ತೆರಿಗೆ ಕಟ್ಟುವ ವ್ಯವಸ್ಥೆ ಅಷ್ಟು ಖಚಿತವಾಗಿತ್ತು. ಆ ಮರ ಹತ್ತುವವನಿಗೆ, ಆ ಕಾಯಿ ಸುಲಿಯುವವಳಿಗೆ ಏನು ಸಿಗಬೇಕು ಎಂಬುದಕ್ಕೆ ಅಂಥ ಶಿಸ್ತು ಎಂದೂ ಬರಲಿಲ್ಲ.

ಹಳೆಯ ಕಾಲದಲ್ಲಿ ಕೂಲಿ ಎಂಬುದೇ ಎಲ್ಲರ ಪಾಲಿಗೆ ಇರಲಿಲ್ಲ. ಬಿ.ಎಲ್. ರೈಸ್ ಸಿದ್ಧಪಡಿಸಿದ ಮೈಸೂರು ಗೆಜೆಟಿಯರ್ ಮಲೆನಾಡಿನ ಎರಡು ಬಗೆಯ ಆಳುಗಳನ್ನು ಹೆಸರಿಸುತ್ತದೆ: ಒಡೆಯನ ಮನೆಯಲ್ಲೇ ಹುಟ್ಟಿ ಬೆಳೆದ ಹುಟ್ಟಾಳು, ಮತ್ತು ಭೂಮಿಯ ಜೊತೆಗೇ ಕೈಬದಲಾಗುತ್ತಿದ್ದ ಮಣ್ಣಾಳು. 1843ರ ಕಾಯ್ದೆ ಬ್ರಿಟಿಷ್ ಆಡಳಿತದ ಪ್ರದೇಶದಲ್ಲಿ ಗುಲಾಮಗಿರಿಗೆ ಕಾನೂನಿನ ಬಲ ಇಲ್ಲದಂತೆ ಮಾಡಿತು. ಸಾಲದ ಹೆಸರಿನ ಜೀತ ಮಾತ್ರ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯವರೆಗೂ ಕಾನೂನಿನ ಕಣ್ಣು ತಪ್ಪಿಸಿ ಉಳಿಯಿತು. ಅಂಥ ಆಳಿಗೆ ಸಿಗುತ್ತಿದ್ದದ್ದು ಭತ್ತ, ಬಟ್ಟೆ, ಕಂಬಳಿ, ಎರಡು ಹೊತ್ತಿನ ಊಟ. ಗದ್ದೆ ಉತ್ತಷ್ಟು, ಕೊನೆ ಕೊಯ್ದಷ್ಟು ಎಂಬ ಲೆಕ್ಕವೇ ಅಲ್ಲಿ ಹುಟ್ಟುವಂತಿರಲಿಲ್ಲ. ಆಳು ಇಡಿಯಾಗಿ ಒಡೆಯನವನಾಗಿದ್ದಾಗ ಅವನ ಕೆಲಸವನ್ನು ಬಿಡಿಬಿಡಿಯಾಗಿ ಅಳೆಯುವ ಅಗತ್ಯ ಯಾರಿಗೂ ಬೀಳಲಿಲ್ಲ.

ಕೂಲಿಯ ಚರಿತ್ರೆ ಶುರುವಾಗುವುದು ಕೆಲಸ ಬಿಡಿಯಾದಾಗ. ಅಡಿಕೆಯಲ್ಲಿ ಅದು ಬಿಡಿಯಾದದ್ದು ಎರಡು ಕಡೆ, ಮರದ ತುದಿಯಲ್ಲಿ ಮತ್ತು ಸುಲಿತದ ಚಪ್ಪರದ ಅಡಿಯಲ್ಲಿ.

ಮೊದಲು ಮರದ ತುದಿ. ಮಳೆಗಾಲ ಬಂತೆಂದರೆ ಕೊಳೆರೋಗ. ಎಳೆಗಾಯಿಗಳು ಕೊಳೆತು ಉದುರಿ ತೋಟದ ನೆಲ ತುಂಬುತ್ತಿದ್ದವು. ಅದಕ್ಕಿದ್ದ ಹಳೆಯ ಉಪಾಯ ಕೊಟ್ಟೆ ಕಟ್ಟುವುದು: ಕರಡದ ಹುಲ್ಲಿನಿಂದ ಕೊಟ್ಟೆ ಹೆಣೆದು, ಮಳೆ ಹಿಡಿಯುವ ಮೊದಲು ಮರ ಏರಿ ಒಂದೊಂದು ಕೊನೆಗೂ ಹೊದಿಸುವುದು. ಹೆಣೆಯಲು ಬೇಸಿಗೆಯ ದಿನಗಳು, ಕಟ್ಟಲು ಮರ ಏರುವ ಕೊನೆಗಾರನ ದಿನಗಳು. 1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಸಸ್ಯರೋಗ ಮತ್ತು ಕೀಟಗಳ ತಜ್ಞರಾಗಿ ಮೈಸೂರು ಸರ್ಕಾರದ ಸೇವೆಗೆ ಸೇರಿದರು. ಮುಂದೆ ಅವರೇ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು. 1910ರಲ್ಲಿ ಅವರ ಕೊಳೆರೋಗದ ಅಧ್ಯಯನ ಪ್ರಕಟವಾಯಿತು. ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿದ ಕೋಲ್ಮನ್, ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಬಳಕೆಗೆ ಬಂದಿದ್ದ ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಅಡಿಕೆಯ ಕೊನೆಗೆ ಸಿಂಪಡಿಸಬಹುದೆಂದು ತೋರಿಸಿದರು. ಇಂದಿಗೂ ಮಲೆನಾಡಿನ ಬಹುತೇಕ ತೋಟಗಳಲ್ಲಿ ಅದೇ ಪಾಕ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಮೊದಲು ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ.

ಬೆಳೆ ಉಳಿಸಿದ ಔಷಧಿಯ ಕಥೆಯಾಗಿಯೇ ಇದನ್ನು ಹೇಳುವುದು ವಾಡಿಕೆ. ಕೂಲಿಯ ಕಡೆಯಿಂದ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಕೊಟ್ಟೆ ಹೆಣೆಯುವ ಕೆಲಸ ಮೆಲ್ಲಗೆ ಸಣ್ಣದಾಯಿತು. ಅದು ಪೂರ್ತಿ ಹೋಗಲಿಲ್ಲ, ಪ್ಲಾಸ್ಟಿಕ್ ಕೊಟ್ಟೆಯ ರೂಪದಲ್ಲಿ ಈಗಲೂ ಅಲ್ಲಲ್ಲಿ ಇದೆ. ಮರ ಏರುವ ಕೆಲಸವಾದರೋ ದೊಡ್ಡದಾಯಿತು. ವರ್ಷಕ್ಕೆ ಕನಿಷ್ಠ ಎರಡು ಸಲ, ಮಳೆ ಬಿಡದ ವರ್ಷ ಮೂರು ಸಲ, ಜಾರುವ ಮರಗಳ ಮೇಲೆ, ಅದೂ ಮಳೆ ಹೊಳವಾಗುವ ಕೆಲವೇ ದಿನಗಳ ಒಳಗೆ ಎಲ್ಲ ತೋಟಗಳಿಗೂ ಕೊನೆಗಾರನೇ ಬೇಕು. ನಲವತ್ತರಿಂದ ಅರವತ್ತು ಅಡಿಯ ಮರದ ತುದಿಯಲ್ಲಿ ಕುಳಿತು, ಕೆಳಗಿಳಿಯದೆ ಮರ ಬಾಗಿಸಿ ಪಕ್ಕದ ಮರಕ್ಕೆ ದಾಟಬಲ್ಲವರು ಪ್ರತಿ ಊರಿಗೂ ನಾಲ್ಕೈದು ಮಂದಿ ಮಾತ್ರ. ಹೊಸ ವಿದ್ಯೆ ಬಂದಾಗ ಹಳೆಯ ಕೌಶಲದ ಬೆಲೆ ಏರಿದ ಉದಾಹರಣೆ ಇದು. ಕೆಳಗೆ ನಿಂತು ಕೈಪಂಪು ಜಗ್ಗುವ ಕೆಲಸ ಹೊಸದಾಗಿ ಹುಟ್ಟಿಕೊಂಡಿತು. ಆದರೆ ಅದಕ್ಕೆ ತೋಳ್ಬಲವಿದ್ದರೆ ಸಾಕಿತ್ತು, ವಿದ್ಯೆ ಬೇಕಿರಲಿಲ್ಲ. ಎಂಜಿನ್ ಪಂಪು ಬಂದೊಡನೆ ಜಗ್ಗುವವನ ಕೆಲಸ ಹೋಯಿತು, ಮೇಲಿದ್ದವನದು ಉಳಿಯಿತು. ಒಂದೇ ತೋಟ, ಒಂದೇ ಮದ್ದು, ಒಂದೇ ದಿನದ ಕೆಲಸ. ಯಂತ್ರ ಒಬ್ಬನನ್ನು ಮುಟ್ಟಿತು, ಇನ್ನೊಬ್ಬನನ್ನು ಬಿಟ್ಟಿತು.

ಇನ್ನು ಚಪ್ಪರದ ಅಡಿ. ದೀಪಾವಳಿಯ ಆಸುಪಾಸಿನಲ್ಲಿ ಕೊಯ್ಲು ಶುರುವಾಗಿ ಸಂಕ್ರಾಂತಿ ದಾಟುವವರೆಗೆ ನಡೆಯುತ್ತದೆ. ಹಗಲು ಇಳಿದ ಕೊನೆಗಳನ್ನು ಬಡಿದು ಕಾಯಿ ಬಿಡಿಸಿ ರಾಶಿ ಹಾಕುತ್ತಿದ್ದರು. ಸಂಜೆಯ ಮೇಲೆ, ಮೊದಲು ಲಾಟೀನಿನ, ಆಮೇಲೆ ಗ್ಯಾಸ್‌ಲೈಟಿನ, ಕೊನೆಗೆ ವಿದ್ಯುದ್ದೀಪದ ಬೆಳಕಿನಲ್ಲಿ ಸುಲಿತ. ಮೆಟ್ಟುಗತ್ತಿಯ ಮಣೆಯನ್ನು ಕಾಲಡಿ ಒತ್ತಿ ಹಿಡಿದು, ಕಾಯಿಯನ್ನು ಕತ್ತಿಯ ಬಾಯಿಗೆ ಕೊಟ್ಟು ಎರಡು ಮೂರು ತಿರುವಿನಲ್ಲಿ ಸಿಪ್ಪೆ ತೆಗೆಯುವುದು. ಒಳಗಿನ ತಿರುಳಿಗೆ ಗಾಯವಾಗಬಾರದು. ಕೈಬೆರಳು ಚೊಗರಿನಿಂದ ಕಪ್ಪಾಗಿ ತಿಂಗಳುಗಟ್ಟಲೆ ಹಾಗೇ ಇರುತ್ತಿತ್ತು. ಅಲ್ಲಿ ಹೆಂಗಸರೇ ಹೆಚ್ಚು. ಗಂಡಸರೂ ಕೂರುತ್ತಿದ್ದರು, ವಯಸ್ಸಾದವರೂ, ಶಾಲೆ ಮುಗಿಸಿ ಬಂದ ಮಕ್ಕಳೂ. ಸಣ್ಣ ಹಿಡುವಳಿದಾರರ ನಡುವೆ ಮುಯ್ಯಾಳು ನಡೆಯುತ್ತಿತ್ತು: ಇಂದು ನಿಮ್ಮ ಚಪ್ಪರಕ್ಕೆ ನಾವು, ನಾಳೆ ನಮ್ಮದಕ್ಕೆ ನೀವು. ದೊಡ್ಡ ತೋಟಗಳಲ್ಲಿ ಸುಲಿತಕ್ಕೆ ಕೂಲಿ, ಮತ್ತು ಆ ಕೂಲಿ ಡಬ್ಬದ ಲೆಕ್ಕಕ್ಕೆ.

ಈ ಡಬ್ಬದ ಲೆಕ್ಕದ ಮಹತ್ವವನ್ನು ಬರೆದವರು ಕಡಿಮೆ. ಮಲೆನಾಡಿನಲ್ಲಿ ದಿನಗೂಲಿ ಎಂದಿಗೂ ಎರಡು ದರದ್ದು: ಗಂಡಾಳಿಗೊಂದು, ಹೆಣ್ಣಾಳಿಗೊಂದು. 1976ರ ಸಮಾನ ವೇತನ ಕಾಯ್ದೆ ಒಂದೇ ಬಗೆಯ ಕೆಲಸಕ್ಕೆ ಒಂದೇ ಕೂಲಿ ಎಂದಿತು. ತೋಟದಲ್ಲಿ ಕೆಲಸಗಳೇ ಗಂಡಿನದು ಹೆಣ್ಣಿನದು ಎಂದು ಬೇರೆ ಬೇರೆಯಾಗಿದ್ದರಿಂದ ಆ ಮಾತು ಅಲ್ಲಿಗೆ ತಲುಪಲಿಲ್ಲ. ಅಗೆತ ಗಂಡಿನದು, ಸೊಪ್ಪು ಹೊರುವುದು ಹೆಣ್ಣಿನದು. ಕೊಯ್ಲು ಗಂಡಿನದು, ಉದುರು ಹೆಕ್ಕುವುದು ಹೆಣ್ಣಿನದು. ಡಬ್ಬ ಮಾತ್ರ ಸುಲಿದವರು ಯಾರೆಂದು ಕೇಳುತ್ತಿರಲಿಲ್ಲ. ತುಂಬಿದ ಡಬ್ಬಕ್ಕೆ ಇಷ್ಟು ಎಂದರೆ ಇಷ್ಟೇ. ಚುರುಕು ಬೆರಳಿನ ಹೆಂಗಸು ಪಕ್ಕದಲ್ಲಿ ಕುಳಿತ ಗಂಡಸಿಗಿಂತ ಹೆಚ್ಚು ಎಣಿಸಿಕೊಂಡು ಏಳಬಹುದಿತ್ತು. ಇಡೀ ತೋಟದ ದುಡಿಮೆಯಲ್ಲಿ ಹೆಣ್ಣಿನ ಕೈಗೆ ಗಂಡಿನಷ್ಟೇ ಬೆಲೆ ಸಿಗುತ್ತಿದ್ದ ಜಾಗ ಅದು. ಮೇಲಾಗಿ ಅದು ಎರಡನೆಯ ಕೂಲಿ. ಹಗಲು ಗದ್ದೆಯ ಕೊಯ್ಲಿಗೆ ಹೋಗಿ ಬಂದವಳು ರಾತ್ರಿ ಚಪ್ಪರದಲ್ಲಿ ಕೂತು ಅದೇ ದಿನಕ್ಕೆ ಇನ್ನೊಂದು ಗಳಿಕೆ ಸೇರಿಸುತ್ತಿದ್ದಳು. ಬೆನ್ನು ಬಗ್ಗಿ ಹೊಲಗೆಲಸಕ್ಕೆ ಆಗದ ಮುದುಕಿಗೂ ಕುಳಿತಲ್ಲೇ ಮಾಡಬಹುದಾದ ಕೆಲಸ ಅದೊಂದಿತ್ತು.

ಆ ರಾತ್ರಿಗಳನ್ನು ಹಾಡು ಕಥೆಗಳ ರಾತ್ರಿಗಳೆಂದು ಮೆಚ್ಚಿ ಬರೆಯುವವರಿದ್ದಾರೆ. ಹಾಡು ಇತ್ತು, ಕಥೆ ಇತ್ತು, ಯಕ್ಷಗಾನದ ಪದಗಳೂ ಇದ್ದವು. ನಿದ್ದೆಗೆಟ್ಟ ಕಣ್ಣು, ಕತ್ತಿ ತಾಗಿದ ಬೆರಳು, ಮರುದಿನ ತರಗತಿಯಲ್ಲಿ ತೂಕಡಿಸುವ ಮಕ್ಕಳೂ ಇದ್ದರು. ಎರಡನ್ನೂ ಹೇಳಬೇಕು.

ಯಾವ ಅಳತೆಯಲ್ಲಿ ಅಳೆಯುತ್ತಾರೆ, ಅಳತೆ ಯಾರ ಕೈಯಲ್ಲಿದೆ ಎಂಬುದು ಮಲೆನಾಡಿಗೆ ಹೊಸ ಪ್ರಶ್ನೆಯೇನಲ್ಲ. 1951ರ ಏಪ್ರಿಲ್‌ನಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರ ರೈತರು ಸತ್ಯಾಗ್ರಹಕ್ಕೆ ಇಳಿದರು. ಕಿಡಿ ಹೊತ್ತಿದ್ದು ಕೊಳಗದಿಂದ: ಗೇಣಿಯ ಭತ್ತ ಅಳೆಯಲು ಒಡೆಯರು ಬಳಸುವ ಕೊಳಗ ರೂಢಿಯ ಕೊಳಗಕ್ಕಿಂತ ದೊಡ್ಡದು ಎಂಬ ದೂರು. ಎಚ್. ಗಣಪತಿಯಪ್ಪ ಮುಂದೆ ನಿಂತರು, ಹೆಚ್ಚಿನ ಸತ್ಯಾಗ್ರಹಿಗಳು ದೀವರ ಸಮುದಾಯದವರು. ಸಮಾಜವಾದಿ ಪಕ್ಷ ಜೊತೆಗೂಡಿತು. ಜೂನ್‌ನಲ್ಲಿ ಅದರ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಕಾಗೋಡಿನ ಹೋರಾಟ ಗೇಣಿಯದ್ದು, ಕೂಲಿಯದ್ದಲ್ಲ. ಆದರೂ ದುಡಿದವನ ಪಾಲು ಅಳೆಯುವ ಪಾತ್ರೆಯ ತಳದಲ್ಲೇ ಕರಗಬಹುದು ಎಂಬುದನ್ನು ಅದು ಈ ಸೀಮೆಗೆಲ್ಲ ತಿಳಿಯಪಡಿಸಿತು. ಡಬ್ಬದ ಬಾಯಿಮಟ್ಟ ತುಂಬಿದರೆ ಸಾಕೋ, ಗೋಪುರ ಬರುವಷ್ಟು ತುಂಬಬೇಕೋ ಎಂಬ ಜಗ್ಗಾಟ ಅದೇ ಜಾತಿಯದ್ದು. ಮುಂದೆ ತೂಕದ ಲೆಕ್ಕ, ಕಿಲೋಗೆ ಇಷ್ಟು ಎಂಬುದು ಬಂದಾಗ ಆ ಜಗ್ಗಾಟ ಬಹುಮಟ್ಟಿಗೆ ನಿಂತಿತು.

ಕಾಗೋಡಿನ ನಂತರದ ಎರಡು ಬದಲಾವಣೆಗಳು ಕೂಲಿಯನ್ನು ಯಾವ ಯಂತ್ರಕ್ಕಿಂತ ಹೆಚ್ಚಾಗಿ ಅಲುಗಿಸಿದವು. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಯ ಭೂಮಿ ಸರ್ಕಾರಕ್ಕೆ ಸೇರಿ, ಉಳುತ್ತಿದ್ದವನಿಗೆ ಹಕ್ಕಾಯಿತು. ನೆಲ ಸಿಕ್ಕವನು ಗದ್ದೆಯ ಅಂಚಿಗೆ ತಾನೂ ಅಡಿಕೆ ಸಸಿ ನೆಟ್ಟ. ಕೊಯ್ಲಿನ ದಿನಗಳಲ್ಲಿ ಅವನಿಗೆ ಅವನದೇ ಕೊನೆಗಳಿದ್ದವು. ಬೇರೆಯವರ ತೋಟಕ್ಕೆ ಸಿಗುವ ಕೈಗಳು ಕಡಿಮೆಯಾದವು. ಅದರ ಹಿಂದೆಯೇ ನೆಲ ಸಿಕ್ಕವರ ಮಕ್ಕಳು ಶಾಲೆ ಓದಿ ಶಿವಮೊಗ್ಗ, ಬೆಂಗಳೂರಿನ ಬಸ್ಸು ಹತ್ತಿದರು. ಇನ್ನೊಂದು, 2008ರ ಹೊತ್ತಿಗೆ ದೇಶದ ಎಲ್ಲ ಗ್ರಾಮೀಣ ಜಿಲ್ಲೆಗಳನ್ನು ಮುಟ್ಟಿದ ಉದ್ಯೋಗ ಖಾತ್ರಿ ಯೋಜನೆ. 2025–26ರಲ್ಲಿ ಕರ್ನಾಟಕದಲ್ಲಿ ಅದರ ಕೂಲಿ ದಿನಕ್ಕೆ 370 ರೂಪಾಯಿ ಇತ್ತು, ಗಂಡಿಗೂ ಅಷ್ಟೇ, ಹೆಣ್ಣಿಗೂ ಅಷ್ಟೇ. ಖಾತ್ರಿಯ ಕೆಲಸ ಎಷ್ಟು ದಿನ ಸಿಗುತ್ತಿತ್ತು ಎಂಬುದಕ್ಕಿಂತ, ಇದಕ್ಕಿಂತ ಕಡಿಮೆಗೆ ಬರುವುದಿಲ್ಲ ಎಂದು ಹೇಳಲು ಹೆಣ್ಣಾಳಿಗೆ ಒಂದು ಅಂಕಿ ಸಿಕ್ಕಿತಲ್ಲ, ಅದು ದೊಡ್ಡದು.

ಈ ಕೈಗಳ ಕೊರತೆಯೇ ಸುಲಿಯುವ ಯಂತ್ರವನ್ನು ಕರೆತಂದಿತು. ಕೆಂಪಡಿಕೆಯ ಎರಡು ದಿನದ ಗಡುವು ಹಾಗೇ ಇತ್ತು, ಚಪ್ಪರದಲ್ಲಿ ಕೂರುವವರು ಇಲ್ಲವಾಗುತ್ತಿದ್ದರು. ಹಸಿ ಅಡಿಕೆ ಸುಲಿಯುವ ಯಂತ್ರಕ್ಕಾಗಿ ಹಲವರು ತಲೆ ಕೆಡಿಸಿಕೊಂಡರು. ಕಾಯಿ ಒಂದರಂತೆ ಒಂದಿರುವುದಿಲ್ಲ, ಹಸಿ ಸಿಪ್ಪೆಯ ನಾರು ಬಿಗಿ, ಒಳಗಿನ ತಿರುಳು ಮೆದು. ಜಜ್ಜಿದರೆ ರಾಶಿಯ ದರವೇ ಬಿದ್ದಂತೆ. ಈ ಕಗ್ಗಂಟನ್ನು ಬಿಡಿಸಿದವರಲ್ಲಿ ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನ ಕುಂಟವಳ್ಳಿ ವಿಶ್ವನಾಥ್ ಅವರ ಹೆಸರು ಮುಂದಿದೆ. ಅವರ ವಿ-ಟೆಕ್ ಎಂಜಿನಿಯರ್ಸ್ ತಯಾರಿಸಿದ ಯಂತ್ರಗಳು ಮಲೆನಾಡಿನ ಆಚೆಗೂ ಹೋದವು. ಅಡಿಕೆಯ ಊರಿನಲ್ಲೇ ಬೆಳೆದವರ ಕೈಯಿಂದ ಈ ಯಂತ್ರ ಬಂದದ್ದು ಹೆಮ್ಮೆಯ ಮಾತು. ಪರದೇಶದ ಕಂಪನಿಯೊಂದು ಹೊಸನಗರದ ಹಸಿಕಾಯಿಯ ಗಡುವನ್ನು ಅರ್ಥಮಾಡಿಕೊಳ್ಳುವುದು ಸಾಧ್ಯವಿರಲಿಲ್ಲ.

ಯಂತ್ರ ಕೊಳ್ಳಲಾಗದ ಸಣ್ಣ ಬೆಳೆಗಾರರಿಗೆ ಎರಡು ದಾರಿ ಉಳಿದವು. ಒಂದು, ಯಂತ್ರ ಇದ್ದವರಲ್ಲಿಗೆ ಕಾಯಿ ಒಯ್ದು, ಅಥವಾ ಅಂಗಳಕ್ಕೇ ಯಂತ್ರ ತರಿಸಿ, ಕಿಲೋ ಲೆಕ್ಕದಲ್ಲಿ ಸುಲಿಸುವುದು. ಇನ್ನೊಂದು, ಚೇಣಿ ಕೊಡುವುದು: ಹಸಿ ಅಡಿಕೆಯನ್ನೇ ಮಾರಿಬಿಟ್ಟರೆ ಕೊಯ್ಲು, ಸುಲಿತ, ಬೇಯಿಸುವುದು ಎಲ್ಲ ಚೇಣಿದಾರನ ಪಾಲು. ಸುಲಿತದ ಕೂಲಿಯಾಗಿ ಇಪ್ಪತ್ತು ಮೂವತ್ತು ಕೈಗಳಿಗೆ ಹಂಚಿಹೋಗುತ್ತಿದ್ದ ಹಣ ಈಗ ಯಂತ್ರದ ಒಡೆಯನಿಗೆ, ವಿದ್ಯುತ್ತಿಗೆ, ಬ್ಯಾಂಕಿನ ಕಂತಿಗೆ ಹೋಗುತ್ತದೆ. ಕೇಂದ್ರ ಸರ್ಕಾರ 2014–15ರಲ್ಲಿ ಆರಂಭಿಸಿದ ಕೃಷಿ ಯಾಂತ್ರೀಕರಣ ಉಪ ಅಭಿಯಾನ ಯಂತ್ರಕ್ಕೆ ಸಹಾಯಧನ ಕೊಡುತ್ತದೆ. ಬೆಳೆಗಾರನಿಗೆ ಅದು ಆಸರೆಯೇ. ಆದರೆ ಕಬ್ಬಿಣಕ್ಕೆ ಸಹಾಯಧನವಿದ್ದು ಕೂಲಿಗೆ ಇಲ್ಲದಿದ್ದಾಗ ತಕ್ಕಡಿ ಯಾವ ಕಡೆ ವಾಲುತ್ತದೆ ಎಂದು ಯೋಜನೆ ಬರೆದವರೂ ಬಲ್ಲರು.

ಹೆಂಗಸರಿಗೆ ಉಳಿದದ್ದು ಯಂತ್ರದ ಸುತ್ತಲಿನ ಕೆಲಸಗಳು. ಕಾಯಿ ತುಂಬುವುದು, ಸಿಪ್ಪೆ ಹೊರಗೆ ಸಾಗಿಸುವುದು, ಅರೆಬರೆ ಸುಲಿದು ಬಂದವನ್ನು ಆರಿಸಿ ಕೈಯಿಂದ ಬಿಡಿಸುವುದು, ಬೇಯಿಸಿದ್ದನ್ನು ಹರವುವುದು, ಒಟ್ಟುವುದು. ಅದಕ್ಕೆಲ್ಲ ದಿನಗೂಲಿ, ಹೆಣ್ಣಾಳಿನ ದರ. ದಿನಗೂಲಿಯ ರೂಪಾಯಿ ಹಿಂದಿಗಿಂತ ಹೆಚ್ಚೇ ಇದೆ, ಅದರಲ್ಲಿ ಸಂದೇಹವಿಲ್ಲ. ಇಲ್ಲವಾಗಿದ್ದು ತನ್ನ ವೇಗಕ್ಕೆ ತಾನೇ ದರ ಕಟ್ಟುವ ಅವಕಾಶ ಮತ್ತು ರಾತ್ರಿಯ ಆ ಎರಡನೆಯ ಗಳಿಕೆ. ಸಂಕ್ರಾಂತಿಯ ಹೊತ್ತಿಗೆ ಸುಲಿತದ ದುಡ್ಡನ್ನು ಒಟ್ಟಾಗಿ ಎಣಿಸಿಕೊಳ್ಳುತ್ತಿದ್ದವರ ಕೈಗೆ ಆ ಇಡಿಗಂಟು ಬಾರದಾಯಿತು. ಇದಕ್ಕಾಗಿ ಯಾರೂ ಬೀದಿಗಿಳಿಯಲಿಲ್ಲ. ಕೆಲಸಗಾರರು ಮೊದಲೇ ಕಡಿಮೆಯಾಗಿದ್ದರಿಂದ, ಕಳೆದುಕೊಂಡವರು ಚಪ್ಪರ ಚಪ್ಪರಕ್ಕೆ ಚದುರಿ ಇದ್ದದ್ದರಿಂದ, ಅದು ಒಂದು ಊರಿನ ಸುದ್ದಿಯೂ ಆಗಲಿಲ್ಲ.

ಬೇರೆ ಕಡೆ ಹೀಗೆ ಸುಮ್ಮನೆ ಮುಗಿದಿರಲಿಲ್ಲ. 1830ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಹೊಲಗೂಲಿಗಳು ಗೋಧಿ ಬಡಿಯುವ ಯಂತ್ರಗಳನ್ನು ಒಡೆಯಲು ಶುರುಮಾಡಿದರು. ಕೆಲವೇ ತಿಂಗಳಲ್ಲಿ ಅದು ದಕ್ಷಿಣ ಇಂಗ್ಲೆಂಡಿನ ತುಂಬ ಹರಡಿತು. ‘ಕ್ಯಾಪ್ಟನ್ ಸ್ವಿಂಗ್’ ಎಂಬ ಕಲ್ಪಿತ ನಾಯಕನ ಹೆಸರಿನಲ್ಲಿ ಬೆದರಿಕೆ ಪತ್ರಗಳು ಹೊರಟವು. ಆ ಕೂಲಿಗಳ ಸಂಕಟ ನಿಟ್ಟೂರಿನ ಚಪ್ಪರಕ್ಕೆ ಪೂರ್ತಿ ಅಪರಿಚಿತವಲ್ಲ: ಕೈಯಿಂದ ಗೋಧಿ ಬಡಿಯುವುದು ಚಳಿಗಾಲದಲ್ಲಿ ಅವರಿಗಿದ್ದ ಮುಖ್ಯ ಕೆಲಸ, ಯಂತ್ರ ಅದನ್ನೇ ಕಿತ್ತುಕೊಂಡಿತ್ತು. ಸರ್ಕಾರ ಗಲ್ಲು, ಗಡೀಪಾರುಗಳಿಂದ ಉತ್ತರಿಸಿತು. ಅದಕ್ಕೆ ಒಂಬತ್ತು ವರ್ಷ ಮೊದಲೇ, 1821ರಲ್ಲಿ, ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ತನ್ನ ಗ್ರಂಥದ ಮೂರನೆಯ ಆವೃತ್ತಿಗೆ ಯಂತ್ರಗಳ ಕುರಿತ ಹೊಸ ಅಧ್ಯಾಯ ಸೇರಿಸಿ, ಯಂತ್ರದಿಂದ ಕೂಲಿಕಾರರಿಗೆ ನಿಜವಾಗಿಯೂ ಹಾನಿಯಾಗಬಹುದೆಂದು ತನ್ನ ಹಿಂದಿನ ಅಭಿಪ್ರಾಯ ತಿದ್ದಿಕೊಂಡಿದ್ದ. ನಮ್ಮ ಕಾಲದಲ್ಲಿ ಅರ್ಥಶಾಸ್ತ್ರಜ್ಞರಾದ ಡರೋನ್ ಅಸೆಮೊಗ್ಲು ಮತ್ತು ಪಾಸ್ಕ್ವಾಲ್ ರೆಸ್ಟ್ರೆಪೊ ಇದನ್ನೇ ಕೆಲಸದ ಬಿಡಿಭಾಗಗಳ ಮಟ್ಟದಲ್ಲಿ ಪರಿಶೀಲಿಸಿದ್ದಾರೆ. ಯಂತ್ರ ಕಸಿದುಕೊಳ್ಳುವುದು ಇಡೀ ಉದ್ಯೋಗವನ್ನಲ್ಲ, ಅದರೊಳಗಿನ ಒಂದೊಂದು ಕೆಲಸವನ್ನು; ಮನುಷ್ಯರೇ ಮಾಡಬೇಕಾದ ಹೊಸ ಕೆಲಸಗಳು ಅದೇ ವೇಗದಲ್ಲಿ ಹುಟ್ಟದಿದ್ದರೆ ಉತ್ಪಾದನೆಯಲ್ಲಿ ಕೂಲಿಯ ಪಾಲು ಇಳಿಯುತ್ತದೆ ಎಂಬುದು ಅವರ ವಾದದ ಸಾರ.

ಮಲೆನಾಡಿನಲ್ಲಿ ಹೊಸ ಕೆಲಸ ಹುಟ್ಟಲೇ ಇಲ್ಲವೆಂದಲ್ಲ. ತೋಟದಲ್ಲಿ ಬಿದ್ದು ಗೊಬ್ಬರವಾಗುತ್ತಿದ್ದ ಹಾಳೆ ಈಗ ಒತ್ತುಯಂತ್ರದ ಅಡಿಯಲ್ಲಿ ಊಟದ ತಟ್ಟೆಯಾಗುತ್ತದೆ. ಹಾಳೆ ಹೆಕ್ಕುವುದು, ತೊಳೆಯುವುದು, ಒತ್ತುವುದು, ಅಂಚು ಕತ್ತರಿಸಿ ಜೋಡಿಸುವುದು ಹೆಚ್ಚಾಗಿ ಹೆಂಗಸರ ಕೆಲಸ. ಅದರಲ್ಲೂ ತಟ್ಟೆಯ ಎಣಿಕೆಗೆ ಕೂಲಿ ಕೊಡುವಲ್ಲಿ ಚಪ್ಪರದ ಹಳೆಯ ನ್ಯಾಯ ಮರಳಿ ಬಂದಂತಾಗಿದೆ. ಆದರೆ ಈ ಕೆಲಸದ ಬೇರು ದೂರದ ಮಾರುಕಟ್ಟೆಯಲ್ಲಿದೆ. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅಡಿಕೆ ಹಾಳೆಯ ತಟ್ಟೆಗಳ ಆಮದಿಗೆ ತಡೆಯೊಡ್ಡಿದಾಗ ಅದರ ಬಿಸಿ ತಟ್ಟಿದ್ದು ಕರ್ನಾಟಕದ ಸಣ್ಣ ಘಟಕಗಳಿಗೆ.

ಮತ್ತೆ ಮರದ ತುದಿಗೆ ಬರೋಣ. ಸುಲಿತ ಯಂತ್ರದ ಪಾಲಾದರೂ ಕೊನೆಗಾರ ಹಾಗೇ ಉಳಿದ. ರಾಶಿ ಅಡಿಕೆಯ ದರ ಕ್ವಿಂಟಲ್‌ಗೆ 40 ಸಾವಿರ ರೂಪಾಯಿ ದಾಟಿ ನಿಂತ ವರ್ಷಗಳಲ್ಲಿ ನುರಿತ ಕೊನೆಗಾರನ ದಿನಗೂಲಿಯೂ ಸಾವಿರ ರೂಪಾಯಿ ದಾಟಿತು. ಕೊಯ್ಲಿಗೆ ಮೊದಲು ಮುಂಗಡ, ಕರೆದೊಯ್ಯಲು ವಾಹನ, ಬೆಳಗಿನ ತಿಂಡಿ, ಎಲ್ಲ ಉಪಚಾರ. ಆದರೂ ಆ ಕೆಲಸಕ್ಕೆ ಹೊಸ ಹುಡುಗರು ಬರುತ್ತಿಲ್ಲ. ಅಪ್ಪ ಬಿದ್ದದ್ದನ್ನು, ಇಲ್ಲವೇ ಪಕ್ಕದ ಮನೆಯವರು ಬಿದ್ದದ್ದನ್ನು ನೋಡಿದವರು ಅವರು. ಎತ್ತರದ ಅಪಾಯ ಆ ಕೂಲಿಯೊಳಗೆ ಸೇರಿಕೊಂಡಿದೆ.

ಅದಕ್ಕೆ ಪರ್ಯಾಯಗಳನ್ನು ಹುಡುಕುವ ಯತ್ನಗಳು ಹಲವು. ಬಂಟ್ವಾಳ ತಾಲ್ಲೂಕಿನ ಕೋಮಾಲೆ ಗಣಪತಿ ಭಟ್ಟರು ಮರ ಏರುವ ಬೈಕು ಮಾಡಿ 2019ರಲ್ಲಿ ದೇಶದ ಗಮನ ಸೆಳೆದರು. 1956ರಲ್ಲಿ ಆರಂಭವಾದ ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರ ಹಿರೇಹಳ್ಳಿ ಕುಬ್ಜ ಎಂಬ ತಳಿಯನ್ನು ಬಳಸಿ ಗಿಡ್ಡ ತಳಿಗಳನ್ನು ರೂಪಿಸಿತು. ಅದೇ ವಿಟ್ಲದಲ್ಲಿ ಯುವಕರಿಗೆ ಮರ ಏರುವ ತರಬೇತಿ ಶಿಬಿರಗಳೂ ನಡೆದವು. ಮಲೆನಾಡನ್ನು ನಿಜಕ್ಕೂ ಹೊಕ್ಕಿದ್ದು ಮಾತ್ರ ಕಾರ್ಬನ್ ಫೈಬರಿನ ದೋಟಿ. ಹಿಂದಿನ ಬಿದಿರಿನ ದೋಟಿ ಅಷ್ಟೆತ್ತರಕ್ಕೆ ಏರುತ್ತಿರಲಿಲ್ಲ, ಏರಿದರೆ ಬಾಗುತ್ತಿತ್ತು. ಈಗಿನದು ಅರವತ್ತು ಅಡಿಗೂ ನೆಟ್ಟಗೆ ನಿಲ್ಲುತ್ತದೆ. ತುದಿಗೆ ಕತ್ತಿ ಸಿಕ್ಕಿಸಿದರೆ ಕೊಯ್ಲು, ನಳಿಕೆ ಸಿಕ್ಕಿಸಿದರೆ ಔಷಧಿ. ಮರ ಏರಬಲ್ಲವನೇ ಬೇಕೆಂಬ ಕಟ್ಟು ಸಡಿಲವಾಯಿತು. ಕತ್ತು ಮೇಲೆತ್ತಿ ಇಡೀ ದಿನ ನಿಲ್ಲಬಲ್ಲ, ತೂಗಾಡುವ ಕೋಲನ್ನು ಹದವಾಗಿ ಹಿಡಿಯಬಲ್ಲ ಭುಜ ಬೇಕಾಯಿತು. ತಲೆಮಾರುಗಳಿಂದ ಬಂದ ವಿದ್ಯೆಯ ಜಾಗಕ್ಕೆ ಕೆಲವು ವಾರಗಳಲ್ಲಿ ಕಲಿಯಬಹುದಾದ ವಿದ್ಯೆ ಬಂದಿತು.

ಇಂಥ ಹೊತ್ತಿನಲ್ಲಿ ಕೂಲಿ ಇಳಿಯಬೇಕಿತ್ತು. ನಿಟ್ಟೂರು ಭಾಗದಲ್ಲಿ ಅದು ಇಳಿಯದಂತೆ ತಡೆದದ್ದು ಒಂದು ಪಿಡುಗು. 2022ರ ಹೊತ್ತಿಗೆ ಎಲೆಚುಕ್ಕೆ ರೋಗ ಹೊಸನಗರ ತಾಲ್ಲೂಕಿನ ನಿಟ್ಟೂರು, ನಗರ ಹೋಬಳಿಯ ತೋಟಗಳಲ್ಲಿ ಉಗ್ರವಾಯಿತು. ಸೋಗೆಗಳು ಸುಟ್ಟಂತೆ ಒಣಗಿದವು, ಮುಂದಿನ ವರ್ಷದ ಫಸಲೂ ಕುಸಿಯಿತು. ಕೊಳೆರೋಗಕ್ಕೆ ಕೊನೆಗೆ ಮದ್ದು ಹೊಡೆದರೆ ಸಾಕು. ಎಲೆಚುಕ್ಕೆಗೆ ಇಡೀ ತಲೆ, ಸೋಗೆಯ ಎರಡೂ ಮೈ ತೋಯಬೇಕು, ಅದೂ ವರ್ಷಕ್ಕೆ ಹಲವು ಸಲ, ಸುತ್ತಲ ತೋಟಗಳವರೆಲ್ಲ ಒಟ್ಟಿಗೆ. ಕೋಲ್ಮನ್ ಕಾಲದಲ್ಲಿ ಆದದ್ದೇ ಮತ್ತೆ ಆಯಿತು: ರೋಗವೊಂದು ಮರದ ತುದಿಯಲ್ಲಿ ಹೊಸ ಕೆಲಸ ಹುಟ್ಟಿಸಿತು. ದೋಟಿ ತಂಡಗಳು ತೋಟದಿಂದ ತೋಟಕ್ಕೆ ಬಿಡುವಿಲ್ಲದೆ ಓಡಾಡಿದವು. ಅವರ ಕೂಲಿ ಈಗ ಮರದ ಲೆಕ್ಕದಲ್ಲೂ ಇಲ್ಲ, ಕೊನೆಯ ಲೆಕ್ಕದಲ್ಲೂ ಇಲ್ಲ. ಎಷ್ಟು ಬ್ಯಾರಲ್ ಔಷಧಿ ಖರ್ಚಾಯಿತೋ ಅಷ್ಟಕ್ಕೆ ಹಣ. ಈ ಅಳತೆಯಲ್ಲೂ ಜಗ್ಗಾಟವಿದೆ. ಬ್ಯಾರಲ್ ಬೇಗ ಖಾಲಿಯಾದಷ್ಟು ತಂಡಕ್ಕೆ ಲಾಭ. ಎಲೆಯ ಅಡಿಮೈ ತೋಯಬೇಕಾದರೆ ನಿಧಾನ ಬೇಕು, ಅದು ಬೆಳೆಗಾರನ ಗರಜು. ಬೆಳೆಗಾರ ತೋಟದಲ್ಲೇ ನಿಂತು ನೋಡಬೇಕಾದ ಸ್ಥಿತಿ ಬಂದಿದೆ. ಪೈಪು ಎಳೆಯುವುದು, ಸುಣ್ಣ ಕದಡುವುದು, ನೀರು ತುಂಬುವುದು ಹೆಂಗಸರ ಪಾಲಿಗೆ, ಮತ್ತೆ ದಿನದ ದರಕ್ಕೆ.

ಅಪಾಯವೂ ಜಾಗ ಬದಲಿಸಿತು. ಮರದಿಂದ ಬೀಳುವ ಭಯ ಕಡಿಮೆಯಾಯಿತು. ಆದರೆ ದೋಟಿಗೆ ಬಳಸುವ ಕಾರ್ಬನ್ ಫೈಬರ್ ಮತ್ತು ಅಲ್ಯೂಮಿನಿಯಂ ಎರಡೂ ವಿದ್ಯುತ್ ಹರಿಸುವ ವಸ್ತುಗಳು. ತೋಟದ ಮೇಲೆ ಹಾದ ತಂತಿಗೆ ದೋಟಿ ತಾಗಿದರೆ ಕೆಳಗೆ ನಿಂತವನ ಜೀವಕ್ಕೇ ಕುತ್ತು, ಹಾಗೆ ಸತ್ತವರ ಸುದ್ದಿ ಕರಾವಳಿ ಮಲೆನಾಡಿನ ಪತ್ರಿಕೆಗಳಲ್ಲಿ ಬಂದಿದೆ. ತೆಂಗಿನ ಮರ ಏರುವವರಿಗೆ ತೆಂಗು ಅಭಿವೃದ್ಧಿ ಮಂಡಳಿ ‘ಕೇರ ಸುರಕ್ಷಾ’ ಎಂಬ ವಿಮೆ ನಡೆಸುತ್ತದೆ. ಅಡಿಕೆಗೆ ಅಂಥ ಮಂಡಳಿಯೇ ಇಲ್ಲ.

ಇಲ್ಲಿ ಸಹಕಾರಿ ಸಂಘಗಳ ಹೆಸರು ಎತ್ತದೆ ಮುಂದೆ ಹೋಗಲಾಗದು. ಶಿವಮೊಗ್ಗದ ಮ್ಯಾಮ್ಕೋಸ್ 1939ರಿಂದ ಇದೆ. ಮಂಗಳೂರಿನ ಕ್ಯಾಂಪ್ಕೊ 1973ರಲ್ಲಿ ಹುಟ್ಟಿತು. ಸಾಗರದಲ್ಲಿ ಆಪ್ಸ್‌ಕೋಸ್ ಇದೆ. ಮಧ್ಯವರ್ತಿಗಳ ಹಿಡಿತದಿಂದ ಬೆಳೆಗಾರನ ಬೆಲೆ ಉಳಿಸಿದ್ದು ಇವುಗಳ ದೊಡ್ಡ ಸಾಧನೆ. ಇವು ಮತ್ತು ಮಾರುಕಟ್ಟೆ ಸಮಿತಿಗಳು ನಡೆಸುವ ವ್ಯಾಪಾರದಿಂದಾಗಿ ಸರಕು, ಬೆಟ್ಟೆ, ರಾಶಿ, ಗೊರಬಲಿನ ಆ ದಿನದ ಕನಿಷ್ಠ ದರ, ಗರಿಷ್ಠ ದರ ಮರುದಿನ ಬೆಳಗ್ಗೆ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ನಿಟ್ಟೂರಿನ ಬೆಳೆಗಾರ ಚಹಾ ಕುಡಿಯುವ ಹೊತ್ತಿಗೆ ಶಿವಮೊಗ್ಗದ ದರ ಬಾಯಿಪಾಠ ಮಾಡಿರುತ್ತಾನೆ. ಕಿಲೋ ಸುಲಿತಕ್ಕೆ ಎಷ್ಟು, ಬ್ಯಾರಲ್ ಸಿಂಪಡಣೆಗೆ ಎಷ್ಟು, ಕೊನೆ ಇಳಿಸಲು ಎಷ್ಟು, ಯಂತ್ರದ ಮುಂದೆ ಆರಿಸುವ ಹೆಣ್ಣಾಳಿಗೆ ದಿನಕ್ಕೆ ಎಷ್ಟು ಎಂಬ ದರಗಳು ಮಾತ್ರ ಒಂದು ತೋಟದಿಂದ ಇನ್ನೊಂದಕ್ಕೆ ಬಾಯಿಂದ ಬಾಯಿಗೆ ಹೋಗುತ್ತವೆ. ಬೇಡಿಕೆ ಹೆಚ್ಚಿರುವ ಕೊನೆಗಾರನಿಗೆ ಇದರಿಂದ ತೊಂದರೆಯಿಲ್ಲ, ಅವನು ಕೇಳಿ ಪಡೆಯಬಲ್ಲ. ಆರಿಸುವ ಕೆಲಸಕ್ಕೆ ಕೂತವಳಿಗೆ ಆ ಬಲವಿಲ್ಲ.

ಅಡಿಕೆಯ ಹಲವು ಬಗೆಯನ್ನು ಕಣ್ಣಳತೆಯಲ್ಲೇ ಬೇರ್ಪಡಿಸಿ ದರ ಕಟ್ಟಬಲ್ಲ ಸಂಘಗಳಿಗೆ ಈ ನಾಲ್ಕಾರು ಕೂಲಿ ದರಗಳನ್ನು ಕಲೆಹಾಕುವುದು ಕಷ್ಟದ ಕೆಲಸವಲ್ಲ. ಕೊಯ್ಲಿನ ಆರಂಭದಲ್ಲಿ ಹೋಬಳಿವಾರು ಒಂದು ಪಟ್ಟಿ ಹೊರಡಿಸಬಹುದು: ನಗರ ಹೋಬಳಿಯಲ್ಲಿ ಈ ವರ್ಷದ ಸುಲಿತ ಇಷ್ಟು, ಸಿಂಪಡಣೆ ಇಷ್ಟು, ದೋಟಿ ಕೊಯ್ಲು ಇಷ್ಟು, ದಿನಗೂಲಿ ಇಷ್ಟು. ಸದಸ್ಯರ ತೋಟದಲ್ಲಿ ದುಡಿಯುವ ದೋಟಿ ತಂಡಗಳ ಹೆಸರು ನೋಂದಾಯಿಸಿ, ಮಾರಾಟವಾದ ಪ್ರತಿ ಕ್ವಿಂಟಲ್‌ನಿಂದ ಒಂದಿಷ್ಟು ಹಣ ತೆಗೆದಿಟ್ಟು ಅವರ ವಿಮಾ ಕಂತು ಕಟ್ಟಬಹುದು. ಯಂತ್ರದ ಬಳಿ ಕೂರುವ ಹೆಂಗಸರನ್ನೂ ಅದೇ ಪಟ್ಟಿಯಲ್ಲಿ, ಅದೇ ಕಂತಿನಲ್ಲಿ ಸೇರಿಸಬೇಕು. ಸುಲಿತದ ಕಾಲದಲ್ಲಿ ಅವರ ಹೆಸರು ಯಾವ ಲೆಕ್ಕದ ಪುಸ್ತಕಕ್ಕೂ ಏರಿರಲಿಲ್ಲ.